ನಿನ್ನ ವಯಸ್ಸಿನಲ್ಲಿ ನನ್ನ ರಕ್ತ

ಗಿರಣಿ ಕ್ವಾರ್ಟರ್ಸ್, ಎರಡನೇ ಸಾಲು
ಮಾರ್ಚ್ ೧೪, ಸೋಮವಾರ

ನನ್ನ ಪುಟ್ಟ ತಂಗೀ,

ಹೇಗಿದ್ದೀಯ? ಮಂಡಿ ನೋವು ಇಳಿಯಿತೇ? ದಿನವಿಡೀ ನಿಂತೇ ಪಾಠ ಮಾಡಬೇಡ, ಶಾಲೆಯವರು ಕುರ್ಚಿ ಕೊಟ್ಟಿರುವುದು ಕೂರುವುದಕ್ಕೇ. ಅಮ್ಮನಿಗಿದ್ದ ಹೆಪಟೈಟಿಸ್ ನಿನ್ನ ರಕ್ತದಲ್ಲಿ ಇಲ್ಲ ಎಂದು ಬರೆದಿದ್ದೆಯಲ್ಲ, ಆ ಕಾಗದವನ್ನು ಮೂರು ಸಲ ಓದಿದೆ. ಅಮ್ಮನಿಂದ ನನಗೆ ಬಂದ ಆಸ್ತಿ ಅದೊಂದೇ, ಅದರಲ್ಲೂ ನೀನು ಪಾಲು ಕೇಳಲಿಲ್ಲವಲ್ಲ, ಒಳ್ಳೆಯದಾಯಿತು.

ಇನ್ನು ನನ್ನ ಸುದ್ದಿ. "ಈಗ್ಯಾಕೆ ಅಕ್ಕಾ ಅದನ್ನೆಲ್ಲ ಕೆದಕ್ತೀಯ, ರಿಟೈರ್ ಆಗೋವರೆಗೂ ಸುಮ್ಮನಿದ್ದುಬಿಡು" ಎಂದು ನೀನು ಫೋನಿನಲ್ಲಿ ಹೇಳಿದ್ದೆ. ನಾನು ಸುಮ್ಮನಿರಲಿಲ್ಲ. ಪೂರ್ತಿ ಓದು, ಆಮೇಲೆ ಬೈಯುವಿಯಂತೆ.

ಇಪ್ಪತ್ತೆರಡು ದಾಟಿದ ಹೆಂಗಸರನ್ನು ಆಗ ಈ ಗಿರಣಿ ಸೇರಿಸಿಕೊಳ್ಳುತ್ತಿರಲಿಲ್ಲ. ನನಗೆ ಇಪ್ಪತ್ತಾರು, ನಿನಗೆ ಇಪ್ಪತ್ತೊಂದು. ಅಮ್ಮ ಟ್ರಂಕಿನಿಂದ ನಿನ್ನ ಜನನ ಪತ್ರ ತೆಗೆದು, "ಇಬ್ಬರೂ ನನ್ನ ಹೊಟ್ಟೇಲೇ ಹುಟ್ಟಿದ್ದು, ಯಾರದಾದರೇನು" ಎಂದು ನನ್ನ ಕೈಗಿಟ್ಟಳು. ಅಂದಿನಿಂದ ಇಪ್ಪತ್ತೆಂಟು ವರ್ಷ ಈ ಗೇಟಿನೊಳಗೆ ನಾನೇ ನೀನು. ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರು, ನಿನ್ನ ಹುಟ್ಟಿದ ದಿನ. ಸೂಪರ್‌ವೈಸರ್ ಬೈದದ್ದೆಲ್ಲ ನಿನ್ನ ಹೆಸರಿಗೇ ಬಿದ್ದಿದೆ. ಅಷ್ಟರಮಟ್ಟಿಗೆ ನೀನೂ ಇಲ್ಲಿ ದುಡಿದವಳೇ.

ಕಳೆದ ತಿಂಗಳು ಗಿರಣಿಯ ದವಾಖಾನೆಯಲ್ಲಿ ರಕ್ತ ತೆಗೆದರು. ಈ ಕಾಯಿಲೆ ಹಳೆಯದಾದಂತೆ ಲಿವರಿನಲ್ಲಿ ಗಾಯದ ಕಲೆ ಕಟ್ಟಿ ಅದು ಗಟ್ಟಿಯಾಗುತ್ತದಂತೆ. ಮುಂಚೆ ಸೂಜಿ ಚುಚ್ಚಿ ಚೂರು ತೆಗೆದು ನೋಡುತ್ತಿದ್ದರು. ಈಗ ಮೊದಲು ರಕ್ತದಿಂದಲೇ ಒಂದು ಲೆಕ್ಕ ಹಾಕುತ್ತಾರೆ. ಲಿವರಿನಿಂದ ರಕ್ತಕ್ಕೆ ಸೋರುವ ಎರಡು ಕಿಣ್ವ, ಪ್ಲೇಟ್‌ಲೆಟ್ ಎಣಿಕೆ, ಜೊತೆಗೆ ರೋಗಿಯ ವಯಸ್ಸು. ನಾಲ್ಕೂ ಸೇರಿ ಒಂದು ಅಂಕ. ಅದು ಮೂರೂಕಾಲು ದಾಟಿದರೆ ದೊಡ್ಡಾಸ್ಪತ್ರೆಗೆ ಸ್ಕ್ಯಾನಿಗೆ ಕಳಿಸುತ್ತಾರೆ. ನನ್ನದು ಮೂರು ಪಾಯಿಂಟ್ ಸೊನ್ನೆ ಎಂಟು. "ನಡುವೆ ಇದೆ, ಆರು ತಿಂಗಳು ಬಿಟ್ಟು ಬನ್ನಿ" ಎಂದರು ಡಾಕ್ಟರು. ಅಮ್ಮನಿಗೂ ಹೀಗೆಯೇ ಬಿಟ್ಟು ಬನ್ನಿ, ಬಿಟ್ಟು ಬನ್ನಿ ಎನ್ನುತ್ತಿದ್ದರು. ಕೊನೆಗೆ ಹೊಟ್ಟೆ ಊದಿಸಿಕೊಂಡು ಹೋದಳು.

ಲೆಕ್ಕ ಹೇಗೆ ಹಾಕಿದಿರಿ ಎಂದು ಕೇಳಿದ್ದಕ್ಕೆ ಲ್ಯಾಬಿನ ಹೆಂಗಸು ಚೀಟಿಯಲ್ಲಿ ಬರೆದುಕೊಟ್ಟಳು. ಬಟ್ಟೆಯ ಎಳೆ ಎಣಿಸಿ ತಪ್ಪು ಹಿಡಿಯುವುದೇ ನನ್ನ ಕೆಲಸವಲ್ಲವೇ. ಕ್ಯಾಂಟೀನಿನಲ್ಲಿ ಕೂತು ಗಿರಣಿ ಕಾರ್ಡಿನ ವಯಸ್ಸು ನಲವತ್ತೊಂಬತ್ತನ್ನು ಹೊಡೆದು ಐವತ್ತನಾಲ್ಕು ಹಾಕಿದೆ. ಮೂರು ಪಾಯಿಂಟ್ ಮೂರು ಒಂಬತ್ತು ಬಂತು. ಇನ್ನೊಮ್ಮೆ ಹಾಕಿದೆ, ಅಷ್ಟೇ ಬಂತು. ರಕ್ತ ನನ್ನದು, ವಯಸ್ಸು ನಿನ್ನದು. ಎರಡನ್ನೂ ಕೂಡಿಸಿದ್ದರಿಂದ ನಾನು ಆ ಗೆರೆಯ ಈಚೆ ಉಳಿದಿದ್ದೆ.

ಟೀ ಅರ್ಧಕ್ಕೇ ಬಿಟ್ಟು ವಾಪಸು ಹೋದೆ. "ನನಗೆ ಐವತ್ತನಾಲ್ಕು" ಎಂದೆ. "ಕಾರ್ಡಲ್ಲಿ ಹಾಗಿಲ್ಲವಲ್ಲಮ್ಮ" ಎಂದರು. "ಕಾರ್ಡಿಗೆ ಲಿವರ್ ಇಲ್ಲ ಡಾಕ್ಟರೇ" ಎಂದೆ. ಅವರು ಕೆಟ್ಟವರಲ್ಲ. ಈ ಅಂಕವೇ ಕೊನೆಯ ಮಾತಲ್ಲ, ಸ್ಕ್ಯಾನ್ ಆದಮೇಲೇ ಗೊತ್ತಾಗುವುದು ಎಂದು ಬಿಡಿಸಿ ಹೇಳಿದರು. ಆಮೇಲೆ ದನಿ ತಗ್ಗಿಸಿ, "ನಾನು ತಿದ್ದಿದರೆ ಆಫೀಸಿಗೆ ಗೊತ್ತಾಗುತ್ತೆ, ಕೆಲಸ ಹೋಗಬಹುದು, ಯೋಚನೆ ಮಾಡಿ" ಎಂದರು. ತಿದ್ದಿ ಎಂದೆ. ತಿದ್ದಿದರು.

ಈಗ ಆಫೀಸಿನವರು ನನ್ನನ್ನು ಮೋಸಗಾತಿ ಎನ್ನುತ್ತಿದ್ದಾರೆ. ಅನ್ನಲಿ. ಇಪ್ಪತ್ತೆರಡು ದಾಟಿದರೆ ಹೆಂಗಸು ಮುದುಕಿಯಾದಳು, ಕೆಲಸಕ್ಕೆ ಬಾರಳು ಎಂದು ನಿಯಮ ಬರೆದವನನ್ನು ಯಾರೂ ಏನೂ ಕೇಳಲಿಲ್ಲ. ಆ ಮುದುಕಿಯ ಕೈಯಲ್ಲೇ ಇಪ್ಪತ್ತೆಂಟು ವರ್ಷ ಅವರ ಬಟ್ಟೆ ಪಾಸಾಗಿದೆ. ಸುದ್ದಿ ಹಬ್ಬಿದ ಮೇಲೆ ನಮ್ಮ ವಿಭಾಗದ ಇಬ್ಬರು ಬಾಗಿಲು ಹಾಕಿಕೊಂಡು ನನ್ನ ಮುಂದೆ ಕೂತರು. ಒಬ್ಬಳ ಕಾರ್ಡಿನಲ್ಲಿರುವುದು ಅವಳ ನಾದಿನಿಯ ವಯಸ್ಸಂತೆ. "ಬದುಕಿನಲ್ಲಿ ಅವಳು ನನಗೆ ಕೊಟ್ಟಿದ್ದು ಇದೊಂದೇ ಕಣೇ" ಎಂದು ನಕ್ಕಳು. ಅವಳಿಗೂ ಇದೇ ಕಾಯಿಲೆ, ಅವಳಿಗೂ ಆರು ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ. ನಾಳೆ ನನ್ನ ಜೊತೆ ದವಾಖಾನೆಗೆ ಬರುತ್ತಾಳೆ.

ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ಅವರು ಹೆದರುತ್ತಾರೆ, ಗೊತ್ತು. ಈ ಕಾಗದ ಅವರಿಗೂ ಓದಿ ಹೇಳು. ಮಕ್ಕಳ ತಲೆ ಸವರಿ ದೊಡ್ಡಮ್ಮನ ಆಶೀರ್ವಾದ ತಿಳಿಸು. ನೀನು ನೂರು ವರ್ಷ ನಿನ್ನದೇ ಹೆಸರಿನಲ್ಲಿ ಬಾಳು.

ನಿನ್ನ ಅಕ್ಕ

ಮತ್ತೆ: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗುರುವಾರ ಸ್ಕ್ಯಾನ್, ಶುಕ್ರವಾರ ಆಫೀಸಿನಲ್ಲಿ ವಿಚಾರಣೆ. ಆ ಜನನ ಪತ್ರ ಯಾರದು ಎಂದು ಕೇಳಿ ನಿನಗೂ ಕಾಗದ ಬರುತ್ತದೆ. ಅಕ್ಕನನ್ನು ಉಳಿಸುತ್ತೇನೆ ಎಂದು ಸುಳ್ಳು ಬರೆಯಬೇಡ. "ಅದು ನನ್ನದೇ, ಅಕ್ಕನದಲ್ಲ" ಎಂದು ಬರೆದು ಸಹಿ ಹಾಕಿ ಕಳಿಸು. ನೀನು ಸುಳ್ಳು ಬರೆದರೆ ನನಗೆ ಮತ್ತೆ ನಲವತ್ತೊಂಬತ್ತಾಗುತ್ತದೆ, ಸ್ಕ್ಯಾನ್ ರದ್ದಾಗುತ್ತದೆ. ಕೆಲಸದಿಂದ ತೆಗೆದರೆ ಗೇಟಿನ ಮುಂದೆ ಹೋಗಿ ಕೂರುತ್ತೇನೆ. ಅದಕ್ಕೆ ವಯಸ್ಸಿನ ಮಿತಿ ಇಲ್ಲ.