ಜಾಣಕಿವುಡು

ಮಾರ್ಚ್ 4, ಸೋಮವಾರ

ಶಟರ್ ಎತ್ತಿದೆ. ಗುಡಿಸಿದೆ. ಮೂಲೆಯಲ್ಲಿ ಮತ್ತೆ ಗಾಜಿನ ಚೂರು — ಶನಿವಾರ ಸಂಜೆಯೇ ಭಾವನಿಗೆ ಎತ್ತಿಹಾಕು ಎಂದಿದ್ದೆ. ಕೋಣನ ಮುಂದೆ ಕಿನ್ನರಿ.

ಎರಡು ಫ್ರೇಮು ಹೋದವು, ಮೂರು ಫೋಟೋ ಬಂದವು. ಮೂರೂ ತೀರಿಕೊಂಡವರದು. ಕಾಯಿಲೆ ಊರು ಬಿಟ್ಟು ಹೋಗಿ ಇಷ್ಟು ದಿನವಾಯಿತು, ಜನ ಈಗ ಧೈರ್ಯ ಮಾಡಿ ಫೋಟೋ ಹೊರಗೆ ತೆಗೆಯುತ್ತಿದ್ದಾರೆ. ಮದುವೆಯ ಗುಂಪಿನಿಂದಲೋ ಪಿಕ್ನಿಕ್ಕಿನ ಸಾಲಿನಿಂದಲೋ ಒಬ್ಬರನ್ನು ಬಿಡಿಸಿ ಕೊಡಿ ಎನ್ನುತ್ತಾರೆ. ಪಕ್ಕದವರ ಭುಜ, ಕೈ, ಅರ್ಧ ಕಿವಿ ಎಲ್ಲ ಕತ್ತರಿಸಬೇಕು. ಭಾವನಿಗೆ ಈ ಕೆಲಸ ರೂಢಿಯಾಗಿಬಿಟ್ಟಿದೆ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ನನಗೆ ಮೊದಲು ಗೆಳೆಯ, ಆಮೇಲೆ ಭಾವ. ಅವನು ಒಳಗಿನ ಮೇಜಿನಲ್ಲಿ ಗಾಜು ಕೊಯ್ಯುತ್ತಾನೆ, ನಾನು ಮುಂದೆ ಕೂತು ಗಿರಾಕಿಗಳ ಹತ್ತಿರ ಬಾಯಿ ಬಡಿದುಕೊಳ್ಳುತ್ತೇನೆ. ಕೂದಲು ಕಪ್ಪಗಿದ್ದಾಗಿನಿಂದ ಹೀಗೇ ನಡೆದಿದೆ. ಚಿಕ್ಕಂದಿನಿಂದ ಅವನ ಕಿವಿ ಸ್ವಲ್ಪ ಮಂದ, ಆದರೆ ಅದು ಎಂದೂ ಅಡ್ಡ ಬಂದದ್ದಿಲ್ಲ. ಈಗೀಗ ಏನಾಗಿದೆಯೋ. ಹತ್ತು ಸಲ ಕರೆದರೆ ಒಂದು ಸಲ ತಿರುಗುತ್ತಾನೆ. ಹೂಂ ಹೂಂ ಎಂದು ತಲೆಯಾಡಿಸಿ ತನಗೆ ತೋಚಿದ್ದು ಮಾಡುತ್ತಾನೆ. ಫೋಟೋದ ಸುತ್ತ ಬಿಳಿ ಮೌಂಟ್ ರಟ್ಟು ಹಾಕು ಎಂದರೆ ಇವತ್ತು ಕಂದು ಹಾಕಿ ಕೂತಿದ್ದ.

ಕೆಲವರನ್ನು ಆ ಕಾಯಿಲೆ ಬದಲಾಯಿಸಿಬಿಟ್ಟಿತು ಎನ್ನುತ್ತಾರೆ. ಇರಬಹುದು.

ಮಾರ್ಚ್ 5, ಮಂಗಳವಾರ

ತಲೆ ಕಾಡಾಗಿತ್ತು. ಸಲೂನಿಗೆ ಹೋದೆ. ಸಲೂನಿನವನು ಎಂದಿನಂತೆ ಕತ್ತರಿಯನ್ನು ಮೂಗಿನ ಕೆಳಗೆ ತಂದು, ಇವತ್ತಾದರೂ ಅಪ್ಪಣೆಯಾಗಲಿ ಎಂದ. ಎಂದಿನಂತೆ ಬೇಡ ಎಂದೆ. ಮೀಸೆಯೊಳಗೆ ನೀವು ಅನ್ನ ಉಣ್ಣುವುದು ಹೇಗೆ ಅಂತ ಯಾವತ್ತಾದರೂ ತೋರಿಸಿ ಎಂದು ನಕ್ಕ. ನಗಲಿ.

ಮೇಲ್ದುಟಿ ಮುಚ್ಚಿ ಕೆಳದುಟಿಯನ್ನೂ ಹಿಡಿದಿದೆ, ನಿಜ. ಕಾಫಿ ಸೋಸಿಕೊಂಡು ಒಳಗೆ ಹೋಗುತ್ತದೆ.

ಅವಳು ಆಸ್ಪತ್ರೆಯಲ್ಲಿದ್ದಾಗ ಬೋಳಿಸಲು ಯಾರಿಗೆ ನೆನಪಿತ್ತು? ನರ್ಸಮ್ಮ ಫೋನು ಹಿಡಿದಿದ್ದರು, ವೀಡಿಯೊ ಕಾಲು. ಅವಳು ನನ್ನ ಮುಖ ನೋಡಿದಳು. ಆಮೇಲೆ, ‘ಮೀಸೆ ಬಂದಿದೆ ನಿಮಗೆ. ಚೆನ್ನಾಗಿದೆ ಕಣ್ರೀ. ಇರ್ಲಿ ಬಿಡಿ,’ ಎಂದಳು. ಮಾರನೆಯ ದಿನ ಫೋನು ಬಂತು, ಮಾತಾಡಿದ್ದು ನರ್ಸಮ್ಮ ಮಾತ್ರ.

ಇರಲಿ ಬಿಡಿ ಎಂದಿದ್ದಾಳೆ. ಬಿಟ್ಟಿದ್ದೇನೆ. ಇದನ್ನು ಸಲೂನಿನವನಿಗೆ ವಿವರಿಸುತ್ತಾ ಕೂರಲೇ?

ಮಾರ್ಚ್ 8, ಶುಕ್ರವಾರ

ಮೈಯೆಲ್ಲ ಉರಿಯುತ್ತಿದೆ.

ಮೂಲೆಯ ಟೀ ಅಂಗಡಿಯ ಮುಂದೆ ಭಾವನೂ ಸಲೂನಿನವನೂ ಬೆಂಚಿನ ಮೇಲೆ ಕೂತಿದ್ದರು. ಸಲೂನಿನವನ ದನಿ ಗೊತ್ತಲ್ಲ, ಇರುವೆಗೂ ಕೇಳಿಸದು. ಅವನು ಗುಸುಗುಸು ಏನೋ ಹೇಳಿದ. ಭಾವ ತೊಡೆ ತಟ್ಟಿಕೊಂಡು ನಕ್ಕ! ತಿರುಗಿ ತಾನೂ ಒಂದು ಜೋಕು ಹೊಡೆದ. ಟೀ ಕೊಡುವ ಹೆಂಗಸು ಸಕ್ಕರೆ ಬೇಕೇ ಎಂದು ಕೇಳಿದ್ದಕ್ಕೂ ಸರಿಯಾಗಿ ಉತ್ತರ ಕೊಟ್ಟ. ನಾನು ಹೋಗಿ ಪಕ್ಕದಲ್ಲಿ ಕೂತೆ, ಮಾತಾಡಿಸಿದೆ. ತಕ್ಷಣ ಮುಖ ಗೋಡೆಯಾಯಿತು. ಹೂಂ. ಹೂಂ.

ಊರಿನವರ ಮಾತಿಗೆಲ್ಲ ಅವನಿಗೆ ಕಿವಿ ಇದೆ, ನನ್ನ ಮಾತಿಗೆ ಮಾತ್ರ ಇಲ್ಲ. ಇದಕ್ಕೆ ನಮ್ಮಮ್ಮ ಜಾಣಕಿವುಡು ಎನ್ನುತ್ತಿದ್ದಳು. ಬೇಕಾದ್ದು ಕೇಳಿಸುತ್ತದೆ, ಬೇಡವಾದ್ದು ಕೇಳಿಸದು.

ಬಹುಶಃ ನನ್ನ ಮೇಲೇ ಕೋಪ. ತಂಗಿಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಇದ್ದೀತು. ಇನ್ನೊಂದು ದಿನ ಮೊದಲು ಆಸ್ಪತ್ರೆಗೆ ಸೇರಿಸಬೇಕಿತ್ತು ಅಂತ. ಹಾಗಿದ್ದರೆ ಬಾಯಿಬಿಟ್ಟು ಹೇಳಲಿ. ನಾನೂ ಅದನ್ನೇ ಅಂದುಕೊಂಡು ಸಾಯುತ್ತಿದ್ದೇನೆ.

ಮಾರ್ಚ್ 12, ಮಂಗಳವಾರ

ಆಗಬಾರದ್ದು ಆಯಿತು.

ಶಾಲೆಯ ನಿವೃತ್ತ ಮೇಡಂ ಹೋದ ವಾರ ತಮ್ಮ ಅಮ್ಮನ ಹಳೆಯ ಫೋಟೋ ತಂದಿದ್ದರು. ಅಮ್ಮನ ಭುಜದ ಮೇಲೆ ಒಂದು ಕೈ. ಆ ಕೈಯ ಒಡೆಯ ಫೋಟೋದಲ್ಲಿಲ್ಲ, ಅಂಚಿನ ಆಚೆ ಉಳಿದಿದ್ದಾನೆ. ‘ಆ ಕೈ ನಮ್ಮಪ್ಪಂದು. ಅಪ್ಪಂದು ಅಂತ ನಮ್ಮ ಹತ್ರ ಇರೋದು ಅದೊಂದೇ,’ ಎಂದಿದ್ದರು. ಭಾವನಿಗೆ ನಾನು ಎರಡೆರಡು ಸಲ ಹೇಳಿದೆ: ಅಂಚು ಮುಟ್ಟಬೇಡ, ಕೈ ಇರಲಿ. ಹೂಂ ಎಂದ.

ಇವತ್ತು ಫ್ರೇಮು ಮುಂದೆ ತಂದಿಟ್ಟ. ಅಮ್ಮ ಒಬ್ಬರೇ ಇದ್ದಾರೆ. ಭುಜ ಖಾಲಿ. ಎಲ್ಲರ ಫೋಟೋದಲ್ಲೂ ಪಕ್ಕದವರ ಕೈ ಕತ್ತರಿಸುವಂತೆ ಇದನ್ನೂ ನೀಟಾಗಿ ಕತ್ತರಿಸಿದ್ದಾನೆ.

ಕೂಗಾಡಿದೆ. ಹೇಳಬಾರದ್ದೆಲ್ಲ ಹೇಳಿದೆ. ನೀನು ಹೇಳಲಿಲ್ಲ ಎಂದ. ಹೇಳಿದೆ, ನಿನ್ನದು ಜಾಣಕಿವುಡು ಎಂದೆ. ಒಂದು ಚೀಟಿಯ ಹಿಂದೆ ಆ ಮಾತನ್ನು ದಪ್ಪಕ್ಷರದಲ್ಲಿ ಬರೆದು ಅವನ ಮೂಗಿನ ಮುಂದೆ ಹಿಡಿದೆ. ಓದಿದ. ಒಳಗೆ ಹೋದ. ಎಷ್ಟೋ ಹೊತ್ತಿನ ಮೇಲೆ ಬಂದು ನಿಂತು ಹೇಳಿದ:

‘ಒಂದನೇ ತಾರೀಕಿಂದ ನಾನು ಬರಲ್ಲ. ಕಿಟಕಿ ಗಾಜಿನ ಫ್ಯಾಕ್ಟರೀಲಿ ಕರೀತಿದ್ದಾರೆ. ಅಲ್ಲಿ ಮೆಷೀನಿನ ಸದ್ದಿಗೆ ಯಾರೂ ಯಾರ ಜೊತೆನೂ ಮಾತಾಡಲ್ಲ.’

ಹೋಗು ಎಂದೆ. ಅದು ಮಾತ್ರ ಅವನಿಗೆ ಗೊತ್ತಾಯಿತು.

ಮಾರ್ಚ್ 13, ಬುಧವಾರ

ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವನು ಬಂದಿದ್ದ. ಕಸದ ಡಬ್ಬಿ ಬುಡಮೇಲಾಗಿತ್ತು. ಕತ್ತರಿಸಿದ ಚೂರು ಸಿಕ್ಕಿದೆ. ಹಿಂದಿನಿಂದ ತೆಳು ಕಾಗದ, ಅಂಟು. ಉಸಿರು ಬಿಗಿಹಿಡಿದು ಜೋಡಿಸುತ್ತಿದ್ದ. ನಾನು ಪಕ್ಕದಲ್ಲಿ ನಿಂತು ದೀಪ ಹಿಡಿದೆ.

ಕೂದಲೆಳೆಯಷ್ಟು ಗೆರೆ ಉಳಿಯಿತು. ಮೇಡಂ ಬಂದಾಗ ಮುಚ್ಚಿಡದೆ ಹೇಳಿದೆವು. ಅವರು ಗಾಜಿನ ಮೇಲೆ ಆ ಗೆರೆಯುದ್ದಕ್ಕೂ ಬೆರಳು ಆಡಿಸಿದರು. ಬಯ್ಯುತ್ತಾರೆ ಎಂದುಕೊಂಡೆ. ಕೈ ಬಂತಲ್ಲ, ಸಾಕು ಎಂದರು. ಅದನ್ನು ನನಗೆ ಹೇಳಲಿಲ್ಲ, ಒಳಗೆ ಹೋಗಿ ಭಾವನ ಎದುರು ನಿಂತು ಅವನಿಗೆ ಹೇಳಿದರು. ಅವನಿಗೆ ಕೇಳಿಸಿತು. ಕಣ್ಣು ಒರೆಸಿಕೊಂಡ.

ಮಾರ್ಚ್ 21, ಗುರುವಾರ

ಒಂದು ವಾರದಿಂದ ಬರೆದಿಲ್ಲ. ಬರೆಯಲು ಏನಿತ್ತು? ಬಂದೆವು, ಕೆಲಸ ಮಾಡಿದೆವು, ಹೋದೆವು. ಒಂದನೇ ತಾರೀಕಿನಿಂದ ಒಳಗಿನ ಮೇಜು ಖಾಲಿ. ಗಾಜು ಕೊಯ್ಯುವವರು ಇನ್ನೊಬ್ಬರು ಸಿಗಬಹುದು. ಅವಳ ಅಣ್ಣ ಇನ್ನೊಬ್ಬ ಸಿಗುವುದಿಲ್ಲ. ಅವಳದು ಅಂತ ಈ ಲೋಕದಲ್ಲಿ ಓಡಾಡುತ್ತಿರುವುದು ಅವನೊಬ್ಬ.

ಇವತ್ತು ಅವನ ಮನೆಗೆ ಹೋದೆ. ಅವನಿರಲಿಲ್ಲ. ಅವನ ಹೆಂಡತಿ ಇದ್ದಳು. ನಾನು ಅಕ್ಕ ಎನ್ನುತ್ತೇನೆ. ಬಾಯಿ ಜೋರು, ಮನಸ್ಸು ಬೆಣ್ಣೆ. ಅವನಿಗೆ ನನ್ನ ಮೇಲೆ ಏನು ಸಿಟ್ಟು ಎಂದು ಕೇಳಿದೆ. ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು.

‘ಸಿಟ್ಟಲ್ಲ ಕಣೋ. ಅವರಿಗೆ ನಿನ್ನ ಬಾಯಿ ಕಾಣಲ್ಲ.’

ಅರ್ಥವಾಗಲಿಲ್ಲ. ಬಿಡಿಸಿ ಹೇಳಿದಳು. ಕಿವಿ ಮಂದ ಎಂಬುದೆಲ್ಲ ಹಳೇ ಕಥೆಯಂತೆ. ಎಷ್ಟೋ ವರ್ಷದ ಹಿಂದೆಯೇ ಹೆಚ್ಚುಕಮ್ಮಿ ಪೂರ್ತಿ ಹೋಗಿದೆಯಂತೆ. ಎದುರಿಗಿರುವವರ ತುಟಿ ನೋಡಿಕೊಂಡೇ ಎಲ್ಲ ತಿಳಿದುಕೊಳ್ಳುತ್ತಾನೆ, ಯಾರಿಗೂ ಗೊತ್ತಾಗದ ಹಾಗೆ. ಕಿವಿಯ ಮೆಷೀನು ತಂದಿದ್ದಾಳೆ, ಗಾಜು ಕೊಯ್ಯುವ ಸದ್ದು ಅದರೊಳಗೆ ಕಿರುಚುತ್ತದೆ ಎಂದು ಪೆಟ್ಟಿಗೆಯಲ್ಲಿಟ್ಟಿದ್ದಾನೆ.

‘ಮಾಸ್ಕ್ ಇದ್ದಾಗ ಪಾಪ, ಲೋಕಕ್ಕೇ ಬಾಯಿ ಮುಚ್ಚಿದೆ, ನಂದೇನು ಅಂತ ಇದ್ರು. ಆಮೇಲೆ ಎಲ್ಲರ ಮಾಸ್ಕೂ ಬಿತ್ತು. ನಿಂದೊಂದು ಬಿಟ್ಟು.’

ನನಗೆ ಒಂದು ಮಾತು ಹೇಳಬಾರದಿತ್ತೇ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

‘ಏನಂತ ಹೇಳೋದು? ಆ ಮೀಸೆ ಯಾರ ಮಾತಿಗೆ ಬಿಟ್ಟಿದ್ದು ಅಂತ ನಿನ್ನ ಬಾಯಿಂದ್ಲೇ ಕೇಳಿ ನಾನೇ ಅವರಿಗೆ ಹೇಳ್ಬಿಟ್ಟಿದ್ದೆ. ಅವತ್ತಿಂದ ನಂಗೆ ಆಣೆ ಹಾಕ್ಸಿದ್ರು, ತಪ್ಪಿಯೂ ಅವನ ಹತ್ರ ಮೀಸೆ ವಿಷಯ ಎತ್ತಬೇಡ ಅಂತ. ನನ್ನ ತಂಗಿ ಇಟ್ಟು ಹೋಗಿರೋದು ಅದು, ನಾನು ಬೇರೆ ಕಡೆ ಕೆಲಸಕ್ಕೆ ಹೋದ್ರಾಯ್ತು ಅಂದ್ರು.’

ಅಕ್ಕ ನೀರು ಕೊಟ್ಟಳು. ಕುಡಿದೆನೋ ಇಲ್ಲವೋ ನೆನಪಿಲ್ಲ. ನಡೆದುಕೊಂಡೇ ಮನೆಗೆ ಬಂದೆ.

ಮಾರ್ಚ್ 24, ಭಾನುವಾರ, ಬೆಳಿಗ್ಗೆ

ಟೀವಿಯ ಸದ್ದು ಪೂರ್ತಿ ತೆಗೆದು ವಾರ್ತೆ ನೋಡಿದೆ. ಮೊದಲು ಓದಿದವಳ ಮಾತು ಅಲ್ಲೊಂದು ಇಲ್ಲೊಂದು ಊಹಿಸಬಹುದಿತ್ತು. ಆಮೇಲೆ ಗಡ್ಡ-ಮೀಸೆಯ ಮುಖಂಡರೊಬ್ಬರು ಬಂದರು, ಅವರ ಮಾತು ಒಂದೂ ತಿಳಿಯಲಿಲ್ಲ. ತಲೆ ನೋವು ಬಂತು. ಇದನ್ನು ಆ ಪುಣ್ಯಾತ್ಮ ದಿನವಿಡೀ ಮಾಡುತ್ತಾನೆ, ಕೈಯಲ್ಲಿ ಗಾಜು ಹಿಡಿದುಕೊಂಡು.

ಕನ್ನಡಿಯ ಮುಂದೆ ನಿಂತು ಹೇಳಿದೆ: ಅಂಚು ಮುಟ್ಟಬೇಡ, ಕೈ ಇರಲಿ. ಕಂಬಳಿಹುಳು ಹೊರಳಾಡಿದ ಹಾಗೆ ಕಂಡಿತು, ಅಷ್ಟೆ. ಇನ್ನೊಂದು ಸಲ ಜೋರಾಗಿ ಹೇಳಿದೆ. ಹುಳು ಜೋರಾಗಿ ಹೊರಳಾಡಿತು.

ನನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿತ್ತು. ನಾನು ಅವನ ತಟ್ಟೆಯ ನೊಣ ಹುಡುಕುತ್ತಿದ್ದೆ.

ಸಂಜೆ

ಬೋಳಿಸಿದರಾಯಿತು, ಅದರಲ್ಲೇನಿದೆ — ಎಂದು ಇನ್ನೊಬ್ಬರಿಗಾದರೆ ಹೇಳುತ್ತಿದ್ದೆ. ರೇಜರ್ ಹಿಡಿದು ನಿಂತೆ. ಆಗಲಿಲ್ಲ. ಅವಳು ಕೊನೆಯದಾಗಿ ನೋಡಿದ ಮುಖ ಇದು. ನೋಡಿ ಮೆಚ್ಚಿದ್ದು. ಬೋಳಿಸಿದರೆ ಅವಳಿಗೆ ಗುರುತಿಲ್ಲದ ಒಬ್ಬ ಮುದುಕ ಕನ್ನಡಿಯಲ್ಲಿ ನಿಲ್ಲುತ್ತಾನೆ. ಅತ್ತೆ. ಈ ವಯಸ್ಸಿನಲ್ಲಿ ಮೀಸೆಗೋಸ್ಕರ ಅತ್ತೆ. ಯಾರಾದರೂ ನೋಡಿದ್ದರೆ ಮೀಸೆ ಮಣ್ಣಾಯಿತು ಎನ್ನುತ್ತಿದ್ದರು.

ಅವಳಿದ್ದಿದ್ದರೆ? ಅಣ್ಣ ಎಂದರೆ ಅವಳಿಗೆ ಪ್ರಾಣ. ಹೀಗಂತೆ ಎಂದು ಗೊತ್ತಾಗಿದ್ದರೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಅವಳೇ ಕತ್ತರಿ ಹಿಡಿಯುತ್ತಿದ್ದಳು. ಅಲುಗಾಡಬೇಡ್ರೀ, ಮೂಗು ಹೋದೀತು ಎನ್ನುತ್ತಿದ್ದಳು.

ಎನ್ನುತ್ತಿದ್ದಳು. ನಿಜವಾಗಿಯೂ ಎನ್ನುತ್ತಿದ್ದಳು.

ಮಾರ್ಚ್ 26, ಮಂಗಳವಾರ, ಮಧ್ಯಾಹ್ನ

ಬೆಳಿಗ್ಗೆ ಸಲೂನಿಗೆ ಹೋಗಿ ಕೂತೆ. ತೆಗೆ ಎಂದೆ. ಟ್ರಿಮ್ಮೇ ಎಂದು ಕೇಳಿದ. ಪೂರ್ತಿ ಎಂದೆ. ಸಲೂನಿನವನು ಈ ಸಲ ನಗಲಿಲ್ಲ. ಮುಖಕ್ಕೆ ನೊರೆ ಹಚ್ಚುವಾಗ ಅವನ ಕೈ ಮೆತ್ತಗಿತ್ತು. ಕಣ್ಣು ಮುಚ್ಚಿಕೊಂಡೆ.

ಅಂಗಡಿಗೆ ಬಂದೆ. ತುಟಿಯ ಮೇಲೆ ಗಾಳಿ ಆಡುತ್ತಿತ್ತು, ಬಟ್ಟೆ ಮರೆತು ಬೀದಿಗೆ ಬಂದವನ ಪಾಡು. ಭಾವ ಬಗ್ಗಿ ಅಳತೆ ಗುರುತು ಹಾಕುತ್ತಿದ್ದ. ಎದುರಿಗೆ ಹೋಗಿ ಮೇಜು ತಟ್ಟಿದೆ. ತಲೆಯೆತ್ತಿದ. ನೋಡಿದ. ಪೆನ್ಸಿಲು ಕೆಳಗಿಟ್ಟ.

ನಾನು ಮೊದಲು ಹೇಳಿದ್ದು: ತಪ್ಪಾಯಿತು ಕಣೋ. ಜಾಣಕಿವುಡು ನನ್ನದು, ನಿನ್ನದಲ್ಲ.

ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಎಷ್ಟೋ ಕಾಲದ ಮೇಲೆ ಒಬ್ಬರು ನನ್ನ ಮಾತನ್ನು ಹಾಗೆ ನೋಡಿದ್ದು. ಯಾಕೆ ತೆಗೆದೆ, ಅವಳು ಇರಲಿ ಅಂದಿದ್ದಳಲ್ಲ ಎಂದು ಬಯ್ದ. ನಾನೂ ಏನೋ ಬಯ್ದೆ. ಆಮೇಲೆ ಫ್ಯಾಕ್ಟರಿಯವನಿಗೆ ಬರೋದಿಲ್ಲ ಅಂತ ನೀನೇ ಫೋನ್ ಮಾಡು, ನನಗೆ ಫೋನಿನಲ್ಲಿ ಮುಖ ಕಾಣುವುದಿಲ್ಲ ಎಂದ. ಮಾಡಿದೆ. ಆ ಕಡೆಯವನು ಹೂಂ ಎಂದ, ಮುಗಿಯಿತು.

ಮುಗಿಯಿತು ಎಂದುಕೊಂಡೆ. ಭಾವ ಸ್ಟೂಲು ಎಳೆದು ನನ್ನನ್ನು ಕಿಟಕಿಯ ಬೆಳಕಿಗೆ ಎದುರಾಗಿ ಕೂರಿಸಿದ.

‘ಒಂದು ಕೇಳ್ತೀನಿ. ಅವತ್ತು ಆಸ್ಪತ್ರೆ ಗೇಟ್ ಹತ್ರ ನನ್ನ ತೋಳು ಹಿಡ್ಕೊಂಡು ಅಷ್ಟು ಹೊತ್ತು ಏನೋ ಹೇಳಿದೆ. ಒಂದರ ಮೇಲೊಂದು ಮಾಸ್ಕ್ ಹಾಕಿದ್ದೆ ನೀನು. ನಾನು ಹೂಂ ಅಂದೆ. ನಂಗೆ ಒಂದಕ್ಷರ ಗೊತ್ತಾಗ್ಲಿಲ್ಲ ಕಣೋ. ಅಷ್ಟು ಅಳ್ತಾ ಇರೋನ ಹತ್ರ ಇನ್ನೊಂದ್ಸಲ ಹೇಳು ಅಂತ ಹೇಗೆ ಕೇಳೋದು?’

ಅವತ್ತು ಹೇಳಿದ್ದು ನನ್ನ ಮಾತಲ್ಲ. ಆ ವೀಡಿಯೊ ಕಾಲಿನಲ್ಲಿ ಅವಳು ಅಣ್ಣನಿಗೆ ಹೇಳಿ ಎಂದು ಕೊಟ್ಟಿದ್ದ ಮಾತು. ತಲುಪಿಸಿದ್ದೇನೆ ಎಂದು ಇಷ್ಟು ವರ್ಷ ನೆಮ್ಮದಿಯಾಗಿದ್ದೆ.

ಬೆಳಕಿಗೆ ಮುಖ ಕೊಟ್ಟು, ನಿಧಾನವಾಗಿ ಹೇಳಿದೆ. ‘ಅವಳು ಹೇಳಿದ್ಲು — ನಾನು ಉಣ್ಣೋವರೆಗೂ ಅಣ್ಣ ಉಣ್ಣಲ್ಲ. ಊಟ ಆಯ್ತು ನಂದು, ಹೊಟ್ಟೆ ತುಂಬಾ ಉಂಡೆ ಅಂತ ಹೇಳಿ. ಅವನೂ ಉಣ್ಣಲಿ.’

ಭಾವ ಇನ್ನೂ ಹತ್ತಿರ ಬಗ್ಗಿದ.

‘ಇನ್ನೊಂದ್ಸಲ ಹೇಳು,’ ಎಂದ.

ಹೇಳಿದೆ. ಮತ್ತೆ ಕೇಳಿದ. ಮತ್ತೆ ಹೇಳಿದೆ. ಅವನು ತುಟಿ ಆಡಿಸುತ್ತಾ ನನ್ನ ಜೊತೆ ಹೇಳಿಕೊಂಡ, ಪಾಠ ಒಪ್ಪಿಸುವ ಮಗುವಿನ ಹಾಗೆ. ಆಮೇಲೆ ಇಬ್ಬರೂ ಅತ್ತೆವು. ಗಿರಾಕಿಯೊಬ್ಬರು ಬಂದು ಬಾಗಿಲಲ್ಲೇ ನಿಂತು ಹಿಂದಿರುಗಿದರು. ಹೋಗಲಿ, ನಾಳೆ ಬರುತ್ತಾರೆ.

ಈಗ ಒಳಗಿನಿಂದ ಕರೆಯುತ್ತಿದ್ದಾನೆ. ಊಟದ ಡಬ್ಬಿ ಬಿಚ್ಚಿಟ್ಟಿದ್ದಾನೆ, ಬಾರೋ, ಆರೋಗುತ್ತೆ ಎಂದು. ಬಂದೆ ಎಂದು ಇಲ್ಲಿಂದ ಕೂಗಿದರೆ ಅವನಿಗೆ ತಿಳಿಯದು. ಎದ್ದು, ಎದುರಿಗೆ ಹೋಗಿ —