ಅಜ್ಜಿ ಕೂರುವ ಅಂಗಡಿ

ತಮ್ಮಾ,

ನಾನು ಕೆಲಸಕ್ಕೆ ಹೊರಟೆ. ಅಜ್ಜಿ ಮಲಗಿದ್ದಾಳೆ, ಎಬ್ಬಿಸಬೇಡ.

ಅಕ್ಕಿ, ಸೋಪು, ಬೆಂಕಿಪೊಟ್ಟಣ ಎಲ್ಲವನ್ನೂ ಮೂಲೆ ಅಂಗಡಿಯಿಂದಲೇ ತಾ. ಸೂಪರ್‌ಮಾರ್ಕೆಟ್ಟಿನ ಚೀಲ ಹಿಡಿದು ಅಂಗಡಿ ಮಾಮನ ಕಣ್ಣೆದುರೇ ಹಾದುಬರುತ್ತೀಯಲ್ಲ, ನಿನಗೆ ನಾಚಿಕೆ ಅನ್ನುವುದೇ ಇಲ್ಲವೇನೋ?

ಅಜ್ಜಿಗೆ ಈಗ ಮನೆಯ ದಾರಿಯೂ ಮರೆತುಹೋಗುತ್ತದೆ. ನಾವಿಬ್ಬರೂ ಹೊರಗಿರುವಾಗ ಅವಳನ್ನು ಅಂಗಡಿಯಲ್ಲಿ ಕೂರಿಸಿಕೊಂಡು, ಸಂಜೆ ಕೈಹಿಡಿದು ಮನೆಗೆ ಕರೆತಂದು ಬಿಡುವವರು ಅವರೇ. ನಿನ್ನೆ ಹೇಳಿದರು: "ವ್ಯಾಪಾರಾನೇ ಇಲ್ಲಮ್ಮ, ತಿಂಗಳ ಕೊನೇಲಿ ಮುಚ್ಚಿಬಿಡ್ತೀನಿ. ಆಮೇಲೆ ಅಜ್ಜೀನ ಏನ್ಮಾಡ್ತೀರಿ?"

ಹಾಗೇ ಒಂದು ಬೀಗವನ್ನೂ ತಾ. ಅಂಗಡಿ ಮುಚ್ಚಿದ ಮೇಲೆ ಅಜ್ಜಿಯನ್ನು ಒಳಗೆ ಬಿಟ್ಟು, ಹೊರಗಿನಿಂದ ಹಾಕಿಕೊಂಡು ಹೋಗಬೇಕಾಗುತ್ತದೆ. ಅದನ್ನು ಮಾತ್ರ ಮಾಮನ ಹತ್ತಿರ ಕೇಳಬೇಡ, ಸೂಪರ್‌ಮಾರ್ಕೆಟ್ಟಿನಿಂದಲೇ ತಾ.

ಅಕ್ಕ