ಬೆನ್ನ ಮೇಲಿನ ಹೆಸರು ಬಿಚ್ಚಿಸಿದಿರಿ, ಡಾಕ್ಟರ ಚೀಲ ಬಿಚ್ಚಿಸಲಿಲ್ಲ

ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ,

ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ನಮ್ಮ ಫುಟ್‌ಬಾಲ್ ತಂಡದ ಡಿಫೆಂಡರನನ್ನು ತಾವು ಎರಡು ವರ್ಷ ಆಟದಿಂದ ಹೊರಗಿಟ್ಟಿರಿ. ಅದಕ್ಕೆ ನನ್ನ ತಕರಾರಿಲ್ಲ. ಅಷ್ಟಕ್ಕೇ ನಿಲ್ಲದೆ, ಅವನ ಹೆಸರಿರುವ ಅಂಗಿ ತೊಟ್ಟ ಪ್ರೇಕ್ಷಕರನ್ನೂ ಮೈದಾನದೊಳಗೆ ಬಿಡಬಾರದೆಂದು ಸುತ್ತೋಲೆ ಹೊರಡಿಸಿದಿರಿ. ಅದಕ್ಕೆ ತಕರಾರಿದೆ. ಅವನ ಮಂಡಿಗೆ ಸೂಜಿ ಚುಚ್ಚಿದ ಡಾಕ್ಟರು ಮಾತ್ರ ಕಳೆದ ಶನಿವಾರವೂ ಅದೇ ಬೆಂಚಿನ ಮೇಲೆ, ಅದೇ ಕಪ್ಪು ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಆರಾಮಾಗಿ ಕೂತಿದ್ದರು. ಈ ಪತ್ರ ಮುಖ್ಯವಾಗಿ ಆ ಚೀಲದ ಬಗ್ಗೆ.

ಮೊದಲು ನನ್ನ ಪರಿಚಯ. ತಾವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಿಂದೆ ನಾನು ಕಳಿಸಿದ ಅರ್ಜಿಗೆ ತಮ್ಮ ಕಚೇರಿಯಿಂದ ಬಂದ ಉತ್ತರದಲ್ಲಿ ನನ್ನನ್ನು ‘ಪ್ರಕರಣಕ್ಕೆ ಸಂಬಂಧಪಡದ ವ್ಯಕ್ತಿ’ ಎಂದು ಕರೆಯಲಾಗಿತ್ತು. ನಾನು ದರ್ಜಿ, ಹೆಂಗಸು. ಮೈದಾನದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಅಂಗಡಿಗೂ ಹಲ್ಲಿನ ಡಾಕ್ಟರ ಮೆಟ್ಟಿಲಿಗೂ ನಡುವೆ ಸಿಕ್ಕಿಕೊಂಡಂತಿರುವ ಒಂದು ಕೋಣೆಯಲ್ಲಿ ಮಷೀನು ಇಟ್ಟುಕೊಂಡಿದ್ದೇನೆ. ಒಂದು ಬೆಂಚು, ಒಂದು ಕನ್ನಡಿ, ಇಸ್ತ್ರಿಯ ಮೇಜು. ಬೆಂಚಿನ ಮೇಲೆ ಕೂತವರು ಕಾಲು ಚಾಚಿದರೆ ಬಾಗಿಲು ಮುಚ್ಚುವುದಿಲ್ಲ. ವಾರವಿಡೀ ಶಾಲೆಯ ಸಮವಸ್ತ್ರ, ಪ್ಯಾಂಟಿನ ಜಿಪ್ಪು, ದಪ್ಪಗಾದವರ ಸೊಂಟ ಸಡಿಲಿಸುವುದು. ಆಟದ ಹಿಂದಿನ ದಿನ ಜೆರ್ಸಿಗಳು. ಕ್ಲಬ್ಬಿನವರು ಮಾರುವ ಜೆರ್ಸಿ ನಮ್ಮ ಪೂರ್ವ ಗ್ಯಾಲರಿಯವರ ಕೈಗೆಟುಕುವಂಥದ್ದಲ್ಲ. ಸಾದಾ ನೀಲಿ ಅಂಗಿ ತಂದುಕೊಡುತ್ತಾರೆ, ನಾನು ಬಿಳಿ ಬಟ್ಟೆಯಲ್ಲಿ ಅಕ್ಷರ ಕತ್ತರಿಸಿ ಬೆನ್ನಿಗೆ ಹೊಲಿದುಕೊಡುತ್ತೇನೆ.

ಹೆಚ್ಚಿನ ಬೆನ್ನುಗಳ ಮೇಲೆ ಒಂದೇ ಹೆಸರು: ಗೂಟ. ತಮ್ಮ ಆದೇಶದಲ್ಲಿ ಅವನಿಗೆ ಬೇರೆ, ಉದ್ದನೆಯ ಹೆಸರಿದೆ. ನಮ್ಮಲ್ಲಿ ಹಲವರಿಗೆ ಅದು ಗೊತ್ತಾದದ್ದೇ ಆದೇಶ ಬಂದ ಮೇಲೆ. ಎದುರಾಳಿಗಳು ಓಡಿ ಬಂದು ಡಿಕ್ಕಿ ಹೊಡೆದು ತಾವೇ ಬೀಳುತ್ತಿದ್ದರು, ಇವನು ನೆಟ್ಟ ಜಾಗದಲ್ಲೇ ಇರುತ್ತಿದ್ದ, ಅದಕ್ಕೇ ಗೂಟ. ಹಾಗೆಂದು ದೊಡ್ಡ ಆಟಗಾರನೇನಲ್ಲ. ಚೆಂಡು ಕಾಲಿಗೆ ಸಿಕ್ಕರೆ ಅದನ್ನೇನು ಮಾಡಬೇಕೆಂದು ತಿಳಿಯದೆ, ಹತ್ತಿರವಿದ್ದವನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ. ಇಷ್ಟು ವರ್ಷಗಳಲ್ಲಿ ಅವನು ಹೊಡೆದ ಒಂದೇ ಒಂದು ಗೋಲು ನಮ್ಮ ಬಲೆಗೇ ಬಿತ್ತು. ಆದರೂ ಅವನೆಂದರೆ ನಮಗೆ ಪ್ರಾಣ. ಚಂದ ಆಡುವವರು ಶ್ರೀಮಂತ ಕ್ಲಬ್ಬು ಕರೆದ ಕೂಡಲೇ ಹೊರಟುಹೋದರು. ಇವನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ ಎಂದು ನಾವು ನಂಬಿಕೊಂಡೆವು. ಅಭಿಮಾನ ಎನ್ನುವುದು ಅರ್ಧ ಇಂಥ ನಂಬಿಕೆಯೇ ಅಲ್ಲವೇ?

ಸುದ್ದಿ ಬಂದ ದಿನ ನನ್ನ ಅಂಗಡಿ ಸಾವಿನ ಮನೆಯಂತಿತ್ತು, ಒಂದೇ ವ್ಯತ್ಯಾಸವೆಂದರೆ ಸಾವಿನ ಮನೆಯಲ್ಲಿ ಸತ್ತವನನ್ನು ಬೈಯುವುದಿಲ್ಲ. ‘ನಂಗೆ ಮೊದ್ಲಿಂದ್ಲೂ ಡೌಟಿತ್ತು’ ಎಂದವರು ಕೆಲವರು. ಆ ಡೌಟನ್ನು ಅವರು ನಿನ್ನೆಯವರೆಗೆ ಎಲ್ಲಿ ಬಚ್ಚಿಟ್ಟಿದ್ದರೋ. ಪ್ರಯೋಗಾಲಯದಲ್ಲಿ ಸೀಸೆ ಬದಲಾಯಿಸಿದ್ದಾರೆ, ಇದೆಲ್ಲ ಎದುರು ತಂಡದವರ ಪಿತೂರಿ ಎಂದವರು ಇನ್ನು ಕೆಲವರು. ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಮಾತು ಕಡಿಮೆ. ಅವರು ಇಸ್ತ್ರಿಯ ಮೇಜಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಹೇಳಿದರು:

“ಸೀಸನ್ ಪೂರ್ತಿ ಒಂಟಿ ಕಾಲಲ್ಲಿ ಆಡ್ದ. ಮಂಡಿ ಕುಂಬಳಕಾಯಿ ಥರ ಊದಿರೋದು ಮೇಲಿನ ಸಾಲಿಗೂ ಕಾಣ್ತಿತ್ತು. ಶುಕ್ರವಾರ ಕುಂಟ್ತಾನೆ, ಶನಿವಾರ ಓಡ್ತಾನೆ. ಅದೇನು ಪವಾಡ ಅಂದ್ಕೊಂಡಿದ್ರಾ?”

ಮಾರನೆಯ ದಿನದಿಂದ ಅಂಗಿಗಳು ವಾಪಸ್ ಬರತೊಡಗಿದವು. ‘ಅಕ್ಕಾ, ಹೆಸರು ಬಿಚ್ಚಿಕೊಡಿ.’ ನನ್ನ ಹೊಲಿಗೆಯನ್ನು ನಾನೇ ಬ್ಲೇಡು ಹಿಡಿದು ಬಿಚ್ಚಿದೆ. ಬಿಳಿ ಬಟ್ಟೆ ತೆಗೆದರೂ ಅದರಡಿಯ ನೀಲಿ ಬಿಸಿಲು ಕಾಣದೆ ಗಾಢವಾಗಿಯೇ ಉಳಿದಿರುತ್ತದೆ; ಓದುವವರಿಗೆ ಓದಲು ಬರುತ್ತದೆ. ‘ಇನ್ನೂ ಕಾಣತ್ತಲ್ಲಕ್ಕಾ?’ ಎಂದು ಒಬ್ಬರು ಗೊಣಗಿದರು. ‘ಒಗೀತಾ ಹೋಗಿ’ ಎಂದೆ. ಇನ್ನೇನು ಹೇಳಲಿ?

ಅಧ್ಯಕ್ಷರೇ, ಆ ವಾರ ನಡೆದ ಒಂದು ಸಂಗತಿಯನ್ನು ತಮಗೆ ಹೇಳಲೇಬೇಕು, ಏಕೆಂದರೆ ತಮ್ಮ ವಿಚಾರಣೆಯಲ್ಲಿ ಸಿಗದಿದ್ದ ಒಂದೆರಡು ಉತ್ತರಗಳು ನನ್ನ ಅಂಗಡಿಯ ಬೆಂಚಿನ ಮೇಲೆ ಸಿಕ್ಕವು.

ನಮ್ಮ ಗ್ಯಾಲರಿಯಲ್ಲಿ ತುತ್ತೂರಿ ಎಂದೊಬ್ಬರಿದ್ದಾರೆ. ಶಾಲೆಯ ವ್ಯಾನು ಓಡಿಸುತ್ತಾರೆ, ಆಟದ ದಿನ ಹಿತ್ತಾಳೆಯ ತುತ್ತೂರಿ ಊದಿ ಅಕ್ಕಪಕ್ಕದವರ ಕಿವಿ ಕೀಳುತ್ತಾರೆ, ಹಾಗಾಗಿ ಆ ಹೆಸರು. ಒಂದು ಮಧ್ಯಾಹ್ನ ಅವರು ಬೆಂಚಿನ ಮೇಲೆ ಕೂತಿದ್ದರು, ಅವರ ಅಂಗಿ ನನ್ನ ಮಡಿಲಲ್ಲಿತ್ತು, ಅರ್ಧ ಬಿಚ್ಚಿತ್ತು. ಆಗ ಬಾಗಿಲಲ್ಲಿ ನೆರಳು ಬಿತ್ತು. ತಲೆ ಬಗ್ಗಿಸಿ ಒಳಗೆ ಬಂದವನು ಗೂಟ.

ಕೈಯಲ್ಲಿ ಕ್ಲಬ್ಬಿನ ಕೋಟು. “ಅಕ್ಕ, ಈ ಲಾಂಛನ ಬಿಚ್ಚಿಕೊಡ್ತೀರಾ? ಹಾಕ್ಕೋಬಾರ್ದು ಅಂತ ಹೇಳಿ ಕಳ್ಸಿದಾರೆ. ಕೋಟು ಚೆನ್ನಾಗಿದೆ, ಬಿಸಾಕೋಕೆ ಮನಸ್ಸಿಲ್ಲ.” ಅಷ್ಟು ಹೇಳುವಷ್ಟರಲ್ಲಿ ನನ್ನ ಮಡಿಲಿನ ಅಂಗಿ ಅವನ ಕಣ್ಣಿಗೆ ಬಿತ್ತು. ಅದನ್ನು ಮುಚ್ಚಲು ನನ್ನ ಬಳಿ ಏನೂ ಇರಲಿಲ್ಲ.

ತುತ್ತೂರಿ ಎದ್ದು ನಿಂತರು. “ಯಾಕಪ್ಪಾ ತಗೊಂಡೆ?” ಎಂದರು. ಊದಿ ಊದಿ ದಪ್ಪಗಾದ ಅವರ ದನಿ ಆವತ್ತು ಬಹಳ ಸಣ್ಣದಾಗಿತ್ತು.

“ಮಂಡಿ ಮಡಚೋಕಾಗ್ತಿರ್ಲಿಲ್ಲ ಅಣ್ಣ. ಡಾಕ್ಟ್ರು ಚುಚ್ಚಿದ್ರು.”

“ಏನು ಚುಚ್ಚಿದ್ರು?”

“ಏನಿದು ಅಂತ ಕೇಳ್ದೆ. ಊತ ಇಳಿಯತ್ತೆ, ಶನಿವಾರ ಆಡ್ಬೇಕೋ ಬೇಡ್ವೋ ಹೇಳು ಅಂದ್ರು. ಆಡ್ಬೇಕು ಅಂದೆ.”

“ಅಷ್ಟೇನಾ? ಇನ್ನೊಂದ್ಸಲ ಕೇಳ್ಬಾರ್ದಿತ್ತಾ? ನನ್ನ ಮಗಳು ನಿನ್ನ ಫೋಟೋನ ಮಂಚದ ಮೇಲೆ ಅಂಟಿಸ್ಕೊಂಡಿದಾಳಪ್ಪಾ. ಅವಳಿಗೆ ಏನಂತ ಹೇಳ್ಲಿ ನಾನು?”

“ಕೇಳ್ಬೇಕಿತ್ತು. ನಂದೇ ತಪ್ಪು” ಎಂದ ಗೂಟ. “ಕಿತ್ತಾಕು ಅಂತ ಹೇಳಿ ಅಣ್ಣ. ಇಲ್ಲಾಂದ್ರೆ ಸ್ಕೂಲಲ್ಲಿ ಆಡ್ಕೋತಾರೆ.”

ಜಗಳಕ್ಕೆಂದು ಎದ್ದವನಿಗೆ ಎದುರಿನವನು ತಪ್ಪೊಪ್ಪಿಕೊಂಡುಬಿಟ್ಟರೆ ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ. ಗೂಟ ಒಂದು ಕಾಲಿನ ಮೇಲೆ ಭಾರ ಹಾಕಿ ಗೋಡೆ ಹಿಡಿದು ನಿಂತಿದ್ದ. ಕೊನೆಗೆ ತುತ್ತೂರಿ ಬೆಂಚಿನ ತುದಿಗೆ ಸರಿದು ಕೂತು, “ಕೂತ್ಕೋ ಬಾ. ಕಾಲು ನೋಯ್ತಿರತ್ತೆ” ಎಂದರು.

ಇಬ್ಬರೂ ಕೂತರು. ಬಾಗಿಲು ಮುಚ್ಚಲಾಗಲಿಲ್ಲ. ನಾನು ಲಾಂಛನ ಬಿಚ್ಚಿದೆ. “ಇದನ್ನೆಲ್ಲಾ ವಿಚಾರಣೇಲಿ ಹೇಳ್ಲಿಲ್ವೇನಪ್ಪಾ?” ಎಂದು ಕೇಳಿದೆ. “ಹೇಳ್ದೆ ಅಕ್ಕ. ಅವರು ಬರ್ಕೊಂಡ್ರು” ಎಂದ. ಕೋಟಿನ ಎದೆಯ ಮೇಲೆ ಉಳಿದ ಸೂಜಿ ತೂತುಗಳನ್ನು ಉಗುರಿನಿಂದ ಉಜ್ಜಿ ನೋಡಿ, ಮಡಿಚಿ ಕಂಕುಳಲ್ಲಿಟ್ಟುಕೊಂಡು ಹೋದ. ತುತ್ತೂರಿ ತಮ್ಮ ಅಂಗಿಯನ್ನು ಅರ್ಧ ಬಿಚ್ಚಿದ ಹಾಗೆಯೇ ಮನೆಗೊಯ್ದರು. ಪೂರ್ತಿ ಬಿಚ್ಚಿ ಎಂದೂ ಹೇಳಲಿಲ್ಲ, ಮತ್ತೆ ಹೊಲಿಯಿರಿ ಎಂದೂ ಹೇಳಲಿಲ್ಲ.

ತಾವು ಬರೆದುಕೊಂಡದ್ದು ನಿಜ. ಆದೇಶದಲ್ಲಿದೆ: ‘ಸಂಬಂಧಪಟ್ಟ ವೈದ್ಯರು ಈ ಕುರಿತು ಸ್ಪಷ್ಟ ನೆನಪಿಲ್ಲವೆಂದು ತಿಳಿಸಿರುತ್ತಾರೆ.’ ಅಲ್ಲಿಗೆ ವೈದ್ಯರ ಕಥೆ ಮುಗಿಯಿತು. ಮುಂದಿನ ಸಾಲಿನಿಂದ, ಆಟಗಾರನ ದೇಹದೊಳಗೆ ಹೋಗುವುದಕ್ಕೆಲ್ಲ ಆಟಗಾರನೇ ಹೊಣೆ ಎಂಬ ನಿಯಮದ ಪಠಣ. ನಿಯಮ ಸರಿಯಿರಬಹುದು. ಅವನೂ ಹೊಣೆ ಹೊತ್ತ, ಮೇಲ್ಮನವಿ ಕೂಡ ಹಾಕಲಿಲ್ಲ. ಆದರೆ ಹೊಣೆ ಎನ್ನುವುದು ಒಬ್ಬನ ತಲೆಗೆ ಸಾಕಾಗಿ ಇನ್ನೊಬ್ಬನಿಗೆ ಉಳಿಯದಷ್ಟು ಸಣ್ಣ ಟೋಪಿಯೇ? ಗಿರಾಕಿಯ ಪ್ಯಾಂಟನ್ನು ನಾನು ಗಿಡ್ಡ ಮಾಡಿ ಹಾಳುಮಾಡಿದರೆ, ‘ನಿಮ್ಮ ಕಾಲಿಗೆ ನೀವೇ ಹೊಣೆ, ನನಗೆ ಸ್ಪಷ್ಟ ನೆನಪಿಲ್ಲ’ ಎಂದು ಹೇಳಿ ಕಳಿಸುವ ಧೈರ್ಯ ನನಗಿಲ್ಲ. ಹಾಗೆ ಹೇಳಿ ಅದೇ ಅಂಗಡಿಯಲ್ಲಿ ಮಾರನೆಯ ದಿನವೂ ಕತ್ತರಿ ಹಿಡಿಯಲು ನನ್ನ ಗಿರಾಕಿಗಳು ಬಿಡುವುದಿಲ್ಲ. ತಮ್ಮ ಸಮಿತಿ ಬಿಡುತ್ತದೆ. ಕ್ಲಬ್ಬೂ ಬಿಡುತ್ತದೆ; ಅದು ಗೂಟನ ‘ವೈಯಕ್ತಿಕ ನಡವಳಿಕೆಯಿಂದ ತೀವ್ರ ಆಘಾತವಾಗಿದೆ’ ಎಂದು ಹೇಳಿಕೆ ಕೊಟ್ಟು, ಅದೇ ಉಸಿರಿನಲ್ಲಿ ಮುಂದಿನ ಆಟದ ಟಿಕೆಟ್ಟಿನ ಜಾಹೀರಾತು ಹಾಕಿತು.

ಆಮೇಲೆ ಬಂತು ತಮ್ಮ ಸುತ್ತೋಲೆ. ‘ನಿಷೇಧಿತ ಆಟಗಾರನನ್ನು ವೈಭವೀಕರಿಸುವ ವಸ್ತ್ರಗಳು’ ಒಳಗೆ ಬರಕೂಡದು. ಮೂತ್ರ ಪರೀಕ್ಷೆಯಲ್ಲಿ ನಪಾಸಾದದ್ದು ಅವನು, ಅಂಗಿಯಲ್ಲ ಎಂದು ತಮಗೆ ಯಾರೂ ನೆನಪಿಸಲಿಲ್ಲವೇ? ನಮ್ಮ ಯಜಮಾನರು ಹೆಸರು ಬಿಚ್ಚಿಸಿರಲಿಲ್ಲ. ಪ್ರತಿಭಟನೆ ಮಾಡುವ ಜಾತಿಯವರೂ ಅಲ್ಲ; ಅವರಿಗೆ ಇರುವುದೇ ಒಂದು ಅಂಗಿ. ಗೇಟಿನಲ್ಲಿ ಕಾವಲಿನವನು ತಡೆದ. ತಲೆ ನರೆತ ಮನುಷ್ಯ ಜನರ ನಡುವೆ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಲ್ಲಬೇಕಾಯಿತು. ಕಾವಲಿನವನೂ ಪಾಪ ಮುಖ ಕೆಳಗೆ ಹಾಕಿಕೊಂಡು, “ತಪ್ಪು ತಿಳ್ಕೋಬೇಡಿ ಅಣ್ಣಾವ್ರೆ, ಮೇಲಿನವರ ಆರ್ಡರು. ಉಲ್ಟಾ ಹಾಕ್ಕೊಂಡು ಹೋಗಿಬಿಡಿ” ಎಂದ. ಇವರು ಉಲ್ಟಾ ಹಾಕಿಕೊಂಡರು. ಹಿಂದಿದ್ದವರೂ ಹಾಕಿಕೊಂಡರು. ಒಳಗೆ ಹೋಗಿ ನೋಡಿದರೆ ಪೂರ್ವ ಗ್ಯಾಲರಿಯಲ್ಲಿ ಸಾಲುಸಾಲಾಗಿ ಜನ ಅಂಗಿ ಉಲ್ಟಾ ತೊಟ್ಟು ಕೂತಿದ್ದಾರೆ, ಎಲ್ಲರ ಹೆಗಲ ಮೇಲೂ ದಾರದ ಎಳೆಗಳು. ಒಬ್ಬರನ್ನೊಬ್ಬರು ನೋಡಿ ನಕ್ಕೆವು. ತುತ್ತೂರಿ ಬಂದಿದ್ದರು, ಬರಿಗೈಯಲ್ಲಿ. ನಾವು ಸೋತೆವು. ಸೋಲು ನಮಗೆ ಹೊಸದಲ್ಲ, ಅದಕ್ಕೆ ತಮ್ಮನ್ನು ದೂರುವುದಿಲ್ಲ.

ಆ ಆಟದಲ್ಲಿ ಗೂಟನ ಜಾಗದಲ್ಲಿ ಹೊಸ ಆಟಗಾರನೊಬ್ಬ ಇಳಿದ. ಗೂಟನಂತೆ ನೆಟ್ಟ ಜಾತಿಯವನಲ್ಲ, ಜಿಂಕೆಯಂತೆ ಓಡುತ್ತಾನೆ. ಅರ್ಧ ಆಟ ಮುಗಿಯುವ ಮುನ್ನ ಕಾಲು ಹಿಡಿದುಕೊಂಡು ಕೂತ. ಡಾಕ್ಟರು ಕಪ್ಪು ಚೀಲ ಎತ್ತಿಕೊಂಡು ಓಡಿದರು. ಅವನಿಗೆ ಏನಾಯಿತೋ ಎಂಬುದಕ್ಕಿಂತ ಚೀಲದಿಂದ ಏನು ಹೊರಬರುತ್ತದೋ ಎಂದು ನಾವು ಕತ್ತು ನೀಡಿ ನೋಡಿದೆವು. ಐಸು, ಬ್ಯಾಂಡೇಜು, ಅಷ್ಟೇ. ಅವನು ಎದ್ದು ಆಡಿದ. ಆಟಗಾರ ಎದ್ದು ನಿಂತರೆ ಚಪ್ಪಾಳೆ ತಟ್ಟುತ್ತಿದ್ದ ಜನ ನಾವು. ಆವತ್ತು ಕೈಗಳು ಎದ್ದವು, ಶಬ್ದ ಬರಲಿಲ್ಲ. ಅಧ್ಯಕ್ಷರೇ, ತಮ್ಮ ತೀರ್ಪು ಆಟವನ್ನು ಶುದ್ಧಗೊಳಿಸಿದೆ ಎಂದು ತಾವು ಪತ್ರಿಕೆಯವರಿಗೆ ಹೇಳಿದ್ದನ್ನು ಓದಿದೆ. ನಮಗೆ ಬಂದದ್ದು ಇಷ್ಟು: ಎದ್ದು ನಿಂತವನನ್ನು ನಂಬಲಾರದ ಕಣ್ಣು.

ಮೊನ್ನೆ ಆ ಹೊಸ ಆಟಗಾರನ ತಾಯಿ ನನ್ನ ಅಂಗಡಿಗೆ ಬಂದಿದ್ದರು. ಯಾರೆಂದು ನನಗೆ ಗೊತ್ತಿರಲಿಲ್ಲ. ಒಂದು ರಾಶಿ ನೀಲಿ ಅಂಗಿ ಮೇಜಿನ ಮೇಲೆ ಹಾಕಿ, ಮನೆಮಂದಿಗೆಲ್ಲ ಮಗನ ಹೆಸರು ಹೊಲಿಯಬೇಕೆಂದರು; ಹೆಸರು ಕೇಳಿದ ಮೇಲೆ ಗೊತ್ತಾಯಿತು. ಹೆಮ್ಮೆಗೆ ಮುಖ ಹೊಳೆಯುತ್ತಿತ್ತು. ಭಾವನಿಗೆ ದೊಡ್ಡ ಅಳತೆ, ನಾದಿನಿಯ ಮಗುವಿಗೆ ಸಣ್ಣದು, ಅಕ್ಷರ ಮಾತ್ರ ಎಲ್ಲರದ್ದೂ ದೊಡ್ಡದಾಗಿ ಕಾಣಬೇಕು. ಅಳತೆ ಗುರುತು ಹಾಕಿಕೊಳ್ಳುತ್ತಾ, ಕಾಲು ಹೇಗಿದೆ ಈಗ ಎಂದು ಕೇಳಿದೆ.

“ಸ್ವಲ್ಪ ನೋವಿದೆಯಂತಮ್ಮ. ಆದ್ರೆ ಅಲ್ಲಿನ ಡಾಕ್ಟ್ರು ತುಂಬಾ ಒಳ್ಳೇವ್ರಂತೆ. ಏನೋ ಕೊಡ್ತಿದಾರೆ. ಶನಿವಾರಕ್ಕೆ ಸರಿಯಾಗ್ತಾನೆ ಅಂದಿದಾರೆ.”

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಬಟ್ಟೆಯ ಮೇಲೆ ನಿಂತಿತು. “ಏನು ಕೊಡ್ತಿದಾರೆ ಅಂತ ಕೇಳಿದ್ರಾ?” ಎಂದೆ.

ಆಕೆ ನನ್ನನ್ನು ನೋಡಿದರು. ಗೂಟನ ಸುದ್ದಿ ಅವರಿಗೂ ಗೊತ್ತಿತ್ತು, ಯಾರಿಗೆ ಗೊತ್ತಿಲ್ಲ? ಮುಖದ ಹೊಳಪು ಮೆಲ್ಲಗೆ ಇಳಿಯಿತು. ಮೇಜಿನ ಮೇಲಿನ ಅಂಗಿಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿದರು.

“ಅಂಥೋರನ್ನ ನಾವು ಕೇಳೋಕಾಗತ್ತೇನಮ್ಮಾ?” ಎಂದರು. “ಕೇಳಿದ್ರೆ ನಮ್ಮವನ್ನ ಆಡ್ಸೋದೇ ಇಲ್ಲ.”

ಅಧ್ಯಕ್ಷರೇ, ಗೂಟನ ಶಿಕ್ಷೆ ಕಡಿಮೆ ಮಾಡಿ ಎಂದು ನಾನು ಬೇಡುತ್ತಿಲ್ಲ. ಅವನೂ ಬೇಡಿಲ್ಲ. ಸುತ್ತೋಲೆ ಇದ್ದರೆ ಇರಲಿ. ಉಲ್ಟಾ ತೊಟ್ಟುಕೊಳ್ಳುವುದು ನಮಗೆ ಅಭ್ಯಾಸವಾಗುತ್ತಿದೆ. ನನ್ನ ಬೇಡಿಕೆ ಒಂದೇ. ಶನಿವಾರದೊಳಗೆ ಆ ಡಾಕ್ಟರನ್ನು ತಮ್ಮ ಎದುರು ಕೂರಿಸಿ. ಚೀಲ ಬಿಚ್ಚಿಸಿ. ಆ ಹುಡುಗನಿಗೆ ಏನು ಕೊಡುತ್ತಿದ್ದೀರಿ ಎಂದು ಕೇಳಿ. ನೆನಪಿಲ್ಲ ಎಂದರೆ ಇನ್ನೊಮ್ಮೆ ಕೇಳಿ.

ಆ ತಾಯಿ ಕೇಳಲಾರರು, ಕೇಳಿದರೆ ಮಗನ ಆಟ ಹೋಗುತ್ತದೆ. ತಾವು ಕೇಳಿದರೆ ಹೋಗುವುದೇನು?

ಇಂತಿ,
ಉತ್ತರ ಬಾರದೆಂದು ಗೊತ್ತಿದ್ದೂ ಅಂಚೆಚೀಟಿ ಅಂಟಿಸುತ್ತಿರುವ,
ಸಂಬಂಧಪಡದ ಒಬ್ಬ ದರ್ಜಿ
ಪೂರ್ವ ಗ್ಯಾಲರಿ